ರಾಜೇಶ್ವರಿಯ ಮಗಳಿಗೆ ರಾಣಿ ಹೆಸರು ಬೇಕಂತೆ

ಈ ವಾರಕ್ಕೆ ಬೇರೆ ಪತ್ರದ ಉತ್ತರ ಬರೆದು ಇಟ್ಟಿದ್ದೆ. ಅದು ಮುಂದಿನ ವಾರಕ್ಕಿರಲಿ. ಹಾವೇರಿಯ ತವರುಮನೆಯಲ್ಲಿ ಬಾಣಂತನಕ್ಕೆ ಕೂತ ಹುಡುಗಿಯೊಬ್ಬಳ ಪತ್ರ ಬಂದಿದೆ. ಓದಿದಾಗಿನಿಂದ ನನಗೆ ಬೇರೆ ಕೆಲಸ ಸಾಗುತ್ತಿಲ್ಲ.

ವಿಷಯ ಇಷ್ಟು. ಹತ್ತು ದಿನದ ಹೆಣ್ಣು ಕೂಸು. ಬರುವ ಗುರುವಾರ ತೊಟ್ಟಿಲಿಗೆ ಹಾಕುವುದು. ಹುಬ್ಬಳ್ಳಿಯಲ್ಲಿರುವ ಗಂಡನಿಗೆ ಆಳುವ ಅರ್ಥ ಇರುವ ಹೆಸರೇ ಬೇಕು. ‘ನನ್ನ ಮಗಳು ಯಾರ ಕೈಕೆಳಗೂ ಇರಬಾರದು’ ಅಂತಾನೆ. ದಿನಾ ರಾತ್ರಿ ಫೋನಿಗೆ ಪಟ್ಟಿ ಕಳಿಸುತ್ತಾನೆ. ರೆಜೀನಾ, ಮಲಿಕಾ, ಎರಿಕಾ, ಸಾರಾ, ರಜನಿ. ಅತ್ತೆಗೆ ತನ್ನ ತಾಯಿಯ ಹೆಸರು ಚೆನ್ನವ್ವ ಅಂತಲೇ ಇಡಬೇಕು. ಅಪ್ಪ ಮಾತ್ರ ‘ಅವರ ಮನೆ ಕೂಸು, ಅವರು ಇಟ್ಟದ್ದೇ ಹೆಸರು’ ಅಂತ ಪೇಪರ್ ಓದುತ್ತ ಕೂತಿದ್ದಾರೆ. ನಾನು ಯಾರ ಮಾತು ಕೇಳಲಿ ಅಂತ ಇವಳ ಪ್ರಶ್ನೆ.

ತಂಗೀ, ಮೊದಲು ನಿನ್ನ ಗಂಡನ ಪಟ್ಟಿ ನೋಡೋಣ. ರೆಜೀನಾ ಲ್ಯಾಟಿನ್ ಮಾತು, ರಾಣಿ ಅಂತಲೇ ಅರ್ಥ. ಮಲಿಕಾ ಅರಬ್ಬಿಯ ರಾಣಿ. ಸಾರಾ ಹೀಬ್ರೂ, ರಾಜಕುಮಾರಿ. ಎರಿಕಾ ಉತ್ತರ ಯುರೋಪಿನ ಎರಿಕ್ ಅನ್ನೋ ಹೆಸರಿನ ಹೆಣ್ಣು ರೂಪ, ಸದಾ ಆಳುವವಳು ಅಂತ. ಇಲ್ಲಿವರೆಗೆ ಪಾಸು. ರಜನಿ ಅಂದರೆ ಮಾತ್ರ ರಾತ್ರಿ. ಯಾವ ರಾಣಿಯೂ ಅಲ್ಲ. ‘ರಾಜ’ ಅಂತ ಕೇಳಿಸಿದ್ದೆಲ್ಲ ರಾಜ ಅಲ್ಲಪ್ಪ. ರಾಜೀವ ಅಂದರೆ ತಾವರೆ. ರಾತ್ರಿ ಹತ್ತರ ಮೇಲೆ ಫೋನಿಗೆ ಬಂದ ಪಟ್ಟಿ ನಂಬಬೇಡಿ ಅಂತ ನಾನು ಎಷ್ಟು ಸಲ ಬರೆದಿಲ್ಲ?

ಇನ್ನು ನನ್ನ ಅಂಗಳದ ಪರೀಕ್ಷೆ. ಹಳೆಯ ಓದುಗರು ನಗಬಹುದು, ನಗಲಿ. ಯಾವ ಹೆಸರೇ ಇರಲಿ, ಸಂಜೆ ಅಂಗಳದಲ್ಲಿ ನಿಂತು ಮೂರು ಸಲ ಕೂಗಿ ನೋಡಬೇಕು. ನಮ್ಮ ಓಣಿಯಲ್ಲಿ ರೆಜೀನಾ ಎರಡೇ ದಿನದಲ್ಲಿ ರೆಜಿನವ್ವ ಆಗುತ್ತಾಳೆ. ಚೆನ್ನವ್ವ ಚೆನ್ನಿ ಆಗುತ್ತಾಳೆ. ಆದರೆ ಅದು ಕೂಗಿದರೆ ಎರಡು ಮನೆ ಆಚೆ ಕೇಳುತ್ತೆ.

ನಿನ್ನ ಅತ್ತೆಯನ್ನು ಹಳೇಕಾಲದವಳು ಅಂತ ಬರೆದಿದ್ದಿ. ನನಗೆ ಹಾಗನ್ನಿಸಲಿಲ್ಲ. ನಿನ್ನ ಗಂಡ ಹುಬ್ಬಳ್ಳಿಯಲ್ಲಿ ದಿನಾ ಚೆನ್ನಮ್ಮ ಸರ್ಕಲ್ ದಾಟಿ ಆಫೀಸಿಗೆ ಹೋಗುತ್ತಾನಂತೆ. ಅಲ್ಲಿ ಕುದುರೆ ಮೇಲೆ ಕೂತವಳು ಯಾರು? 1824ರಲ್ಲಿ ಕಿತ್ತೂರಿನ ಮೇಲೆ ಏರಿ ಹೋದ ಧಾರವಾಡದ ಕಲೆಕ್ಟರ್ ಥ್ಯಾಕರೆ ತಿರುಗಿ ಬರಲೇ ಇಲ್ಲ. ಆ ರಾಣಿಯ ಹೆಸರಿನ ಅರ್ಥ ಬರೀ ಚೆಂದ ಅಂತ. 11ನೇ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿ ನಾಡು ಆಳಿದಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಅವಳ ಹೆಸರಲ್ಲಿ ಇದ್ದದ್ದು ಬರೀ ಅಕ್ಕ.

ಈಗ ಪತ್ರದ ಕೊನೆಗೆ ಬರುತ್ತೇನೆ. ಸಹಿ ಆದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದಿ. ‘ನನ್ನ ಮೊದಲಿನ ಹೆಸರು ನೀಲಾ. ಮದುವೆಯಲ್ಲಿ ರಾಜೇಶ್ವರಿ ಅಂತ ಬದಲಿಸಿದರು. ಆಧಾರ್‌ನಲ್ಲಿ ಇನ್ನೂ ಹಳೆಯದೇ ಇದೆ, ಅದಿರಲಿ.’

ಅದ್ಯಾಕೆ ಇರಲಿ? ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೊಸ ಹೆಸರು ಗೀಚಿದರು. ನಿನ್ನನ್ನು ಒಂದು ಮಾತು ಕೇಳಿದರಾ? ರಾಜೇಶ್ವರಿ ಅಂದರೆ ರಾಜರಿಗೂ ಒಡತಿ. ಅಷ್ಟು ದೊಡ್ಡ ಹೆಸರು ಹೊತ್ತವಳು ಹೆತ್ತ ಮಗಳಿಗೆ ಏನಂತ ಕರೆಯಲಿ ಅಂತ ನನ್ನನ್ನು ಕೇಳುತ್ತಿದ್ದಾಳೆ. ನಾಲ್ಕು ಪುಟದ ಪತ್ರದಲ್ಲಿ ಎಲ್ಲರ ಇಷ್ಟದ ಹೆಸರೂ ಇದೆ. ನಿನ್ನ ಇಷ್ಟದ್ದು ಯಾವುದು ಅಂತ ಮಾತ್ರ ಎಲ್ಲೂ ಇಲ್ಲ. ಎರಡು ಸಲ ಹುಡುಕಿದೆ.

ನಿನ್ನ ಗಂಡ ಕೆಟ್ಟವನಲ್ಲ. ಪಟ್ಟಿ ಕಳಿಸುವ ಹುರುಪಿನಲ್ಲಿ ಕೇಳುವುದನ್ನು ಮರೆತಿದ್ದಾನೆ. ನನಗೆ ಸಿಟ್ಟು ಬಂದದ್ದು ನಿನ್ನ ಅಪ್ಪನ ಮೇಲೆ. ಅಂದು ಮಂಟಪದಲ್ಲಿ ತಾವೇ ಇಟ್ಟ ಹೆಸರು ಅಳಿಸುವಾಗಲೂ ಇವರು ಹೀಗೇ ಸುಮ್ನೆ ಕೂತಿರಬೇಕು. ಆ ಪೇಪರ್ ಸ್ವಲ್ಪ ಮಡಚಿಡಿ, ಸಾಹೇಬ್ರೇ.

ನೀನು ಮಾಡಬೇಕಾದ್ದು ಒಂದೇ. ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಕುರ್ರ್ ಅಂತ ಹೆಸರು ಹೇಳಿ, ಬೆನ್ನಿಗೆ ಗುದ್ದು ತಿನ್ನುವವಳು ಸೋದರತ್ತೆ, ಅಂದರೆ ನಿನ್ನ ನಾದಿನಿ. ಬುಧವಾರದೊಳಗೆ ಅವಳಿಗೂ ಗಂಡನಿಗೂ ಫೋನ್ ಮಾಡು. ಒಂದೇ ಹೆಸರು ಹೇಳು. ಅದು ಚೆನ್ನವ್ವ ಆದರೂ ಸರಿ, ಮಲಿಕಾ ಆದರೂ ಸರಿ, ಆದರೆ ‘ನನಗೆ ಇದು ಬೇಕು’ ಅಂತ ಹೇಳು. ‘ನೀವು ಹೇಳಿದ ಹಾಗೆ’ ಅಂದಿಯೋ, ನನಗೆ ಮತ್ತೆ ಬರೆಯಬೇಡ.

ಹೆಸರು ಇನ್ನೂ ಹೊಳೆದಿಲ್ಲ ಅಂದರೂ ಗಾಬರಿ ಬೇಡ. ಜನನ ನೋಂದಣಿಯನ್ನು 21 ದಿನದೊಳಗೆ ಮಾಡಿಸಿಬಿಡಿ. ಹೆಸರಿನ ಜಾಗ ಖಾಲಿ ಬಿಡಬಹುದು. ಒಂದು ವರ್ಷದೊಳಗೆ ಶುಲ್ಕ ಇಲ್ಲದೆ ಸೇರಿಸುತ್ತಾರೆ. ಆಮೇಲಾದರೆ ಸ್ವಲ್ಪ ತಡದ ಶುಲ್ಕ ಬೀಳುತ್ತೆ.

ಹಾಂ, ಅದೇ ಫಾರಂನಲ್ಲಿ ತಾಯಿಯ ಹೆಸರು ಅಂತ ಒಂದು ಜಾಗ ಇರುತ್ತೆ. ಅದನ್ನು ಯಾರ ಕೈಗೂ ಕೊಡಬೇಡ, ನೀನೇ ತುಂಬು. ಆಧಾರ್‌ನಲ್ಲಿ ಇದ್ದ ಹಾಗೇ ಬರೀ: ನೀಲಾ.