ಓದುಗರ ಪ್ರಶ್ನೆ: ಹುಲ್ಲು ಕೊಯ್ಯುವ ಬ್ಲೇಡ್‌ಗೆ ಗ್ರೈಂಡರ್ ಹಿಡಿಯುವಾಗ

ಪ್ರಶ್ನೆ: ಅಪಾರ್ಟ್‌ಮೆಂಟಿನ ಹುಲ್ಲುಹಾಸಿಗೆ 18 ಇಂಚಿನ ಪೆಟ್ರೋಲ್ ಮೋವರ್ ಇಟ್ಟಿದ್ದೇವೆ. ಕತ್ತರಿಸಿದ ಎರಡೇ ದಿನಕ್ಕೆ ಹುಲ್ಲಿನ ತುದಿಯೆಲ್ಲ ಬೆಳ್ಳಗಾಗುತ್ತದೆ. 4 ಇಂಚಿನ ಆಂಗಲ್ ಗ್ರೈಂಡರ್ ಇದೆ. ಬ್ಲೇಡನ್ನು ನಾವೇ ಮಸೆಯಬಹುದೇ?
– ಓದುಗರು, ಬೆಂಗಳೂರು

ಉತ್ತರ: ಮಸೆಯಬಹುದು. ಬೆಳ್ಳಗಾದ ಒಂದು ಎಸಳನ್ನು ಕಿತ್ತು ಹತ್ತಿರದಿಂದ ನೋಡಿ. ತುದಿ ನೇರವಾಗಿ ತುಂಡಾಗದೆ ನಾರುನಾರಾಗಿ ಹರಿದಿದ್ದರೆ ಬ್ಲೇಡ್ ಮೊಂಡಾಗಿದೆ ಎಂದೇ ಅರ್ಥ.

ಎಲ್ಲಕ್ಕಿಂತ ಮೊದಲು ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಎಳೆದು ದೂರ ಸರಿಸಿ. ಬ್ಲೇಡನ್ನು ಕೈಯಿಂದ ತಿರುಗಿಸಿದರೆ ಎಂಜಿನ್ ಕೂಡ ತಿರುಗುತ್ತದೆ; ಒಂದೇ ಒಂದು ಸಲ ಹೊತ್ತಿಕೊಂಡರೂ ಬೆರಳು ಉಳಿಯುವುದಿಲ್ಲ. ಟ್ಯಾಂಕ್‌ನಲ್ಲಿ ಪೆಟ್ರೋಲ್ ಕಡಿಮೆ ಇರುವಾಗ, ಏರ್ ಫಿಲ್ಟರ್ ಮೇಲೆ ಬರುವಂತೆ ಯಂತ್ರವನ್ನು ವಾಲಿಸಿ. ಇಲ್ಲದಿದ್ದರೆ ಆಯಿಲ್ ಹರಿದು ಫಿಲ್ಟರ್ ಸೇರುತ್ತದೆ. ಬ್ಲೇಡ್ ತಿರುಗದಂತೆ ಮರದ ತುಂಡು ಸಿಕ್ಕಿಸಿ ಬೋಲ್ಟ್ ಬಿಚ್ಚಿ. ನೆಲದ ಕಡೆಗಿದ್ದ ಮುಖಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿಡಿ. ತಲೆಕೆಳಗಾಗಿ ಕೂರಿಸಿದ ಬ್ಲೇಡ್ ಹುಲ್ಲನ್ನು ಕತ್ತರಿಸುವುದೇ ಇಲ್ಲ.

ಬ್ಲೇಡನ್ನು ವೈಸ್‌ಗೆ ಬಿಗಿದೇ ಮಸೆಯಬೇಕು. ಕಾಲಲ್ಲಿ ಒತ್ತಿ ಹಿಡಿದು ಗ್ರೈಂಡರ್ ಓಡಿಸುವ ಅಭ್ಯಾಸ ಹಲವೆಡೆ ಇದೆ, ದಯವಿಟ್ಟು ಅದನ್ನು ಬಿಡಿ. ಗಟ್ಟಿ ಗ್ರೈಂಡಿಂಗ್ ಡಿಸ್ಕ್‌ಗಿಂತ 60 ಅಥವಾ 80 ನಂಬರಿನ ಫ್ಲಾಪ್ ಡಿಸ್ಕ್ (ಉಜ್ಜುಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಡಿಸ್ಕ್) ಒಳ್ಳೆಯದು. ಅದು ನಿಧಾನಕ್ಕೆ ಸವೆಸುತ್ತದೆ, ಬಿಸಿಯೂ ಕಡಿಮೆ. ಇಳಿಜಾರಾಗಿರುವ ಮುಖವನ್ನಷ್ಟೇ ಮಸೆಯಿರಿ, ಚಪ್ಪಟೆ ಮುಖಕ್ಕೆ ಗ್ರೈಂಡರ್ ತಾಗಿಸಬೇಡಿ. ಸಾಮಾನ್ಯವಾಗಿ ಆ ಇಳಿಜಾರು 30 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಕೋನ ಅಳೆಯುವ ಗೊಡವೆ ಬೇಡ: ಇಳಿಜಾರಿಗೆಲ್ಲ ಮಾರ್ಕರ್ ಮಸಿ ಬಳಿದು ಒಮ್ಮೆ ಹಗುರವಾಗಿ ಡಿಸ್ಕ್ ಎಳೆಯಿರಿ. ಮಸಿ ಒಂದೇ ಸಮನೆ ಅಳಿಸಿದರೆ ಕೋನ ಸರಿ. ಹರಿತದ ಅಂಚಿನಲ್ಲಷ್ಟೇ ಅಳಿಸಿದರೆ ಗ್ರೈಂಡರನ್ನು ಇನ್ನಷ್ಟು ಮಲಗಿಸಬೇಕು.

ಡಿಸ್ಕ್ ಬ್ಲೇಡಿನ ಮೈಯಿಂದ ಅಂಚಿನಾಚೆಗೆ ಸುತ್ತುವಂತೆ ನಿಂತುಕೊಳ್ಳಿ. ಅಂಚಿಗೆ ಎದುರಾಗಿ ಸುತ್ತಿದರೆ ಕಚ್ಚಿಕೊಂಡು ಗ್ರೈಂಡರ್ ಕೈಯಿಂದ ಹಾರುತ್ತದೆ. ಎರಡು ಮೂರು ಎಳೆತಕ್ಕೊಮ್ಮೆ ನಿಲ್ಲಿಸಿ, ಬೆರಳಿಡಲಾಗದಷ್ಟು ಬಿಸಿಯಾಗಿದ್ದರೆ ಆರಲು ಬಿಡಿ. ಕ್ಷೌರದ ಬ್ಲೇಡಿನಷ್ಟು ಹರಿತ ಬೇಡ. ಅಷ್ಟು ತೆಳುವಾದ ಅಂಚು ಮೊದಲ ಕಲ್ಲಿಗೇ ಮಡಚಿಕೊಳ್ಳುತ್ತದೆ. ಕೊನೆಗೆ ಚಪ್ಪಟೆ ಮುಖದ ಮೇಲೆ ಅರವನ್ನು ಒಮ್ಮೆ ಹಗುರವಾಗಿ ಎಳೆದು, ಅಂಚಿನಲ್ಲಿ ಎದ್ದ ಸಿಬುರು ತೆಗೆಯಿರಿ.

ಇಷ್ಟಾದ ಮೇಲೆ ಹೆಚ್ಚಿನವರು ಬಿಟ್ಟುಬಿಡುವ ಕೆಲಸವೊಂದಿದೆ, ತೂಕ ಸರಿದೂಗಿಸುವುದು. ಗೋಡೆಗೆ ಮೊಳೆ ಹೊಡೆದು ನಡುವಿನ ತೂತಿನಿಂದ ಬ್ಲೇಡನ್ನು ಅಡ್ಡಕ್ಕೆ ತೂಗುಹಾಕಿ. ಯಾವ ಬದಿ ಕೆಳಗಿಳಿಯುತ್ತದೋ ಅದು ಭಾರ. ಆ ಬದಿಯ ತುದಿಯಿಂದ ಸ್ವಲ್ಪ ಸವೆಸಿ, ಹರಿತದ ಅಂಚಿನಿಂದಲ್ಲ. ನಿಮಿಷಕ್ಕೆ 3,000 ಸುತ್ತು ತಿರುಗುವ 18 ಇಂಚಿನ ಬ್ಲೇಡಿನ ತುದಿಯಲ್ಲಿ ಬರೀ 5 ಗ್ರಾಂ ಹೆಚ್ಚಿದ್ದರೂ ಎಂಜಿನ್ನಿನ ಶಾಫ್ಟ್ ಮೇಲೆ ಸುಮಾರು 11 ಕೆ.ಜಿ.ಯಷ್ಟು ಎಳೆತ ಬೀಳುತ್ತದೆ, ಅದೂ ಪ್ರತಿ ಸುತ್ತಿಗೆ. ಬೇರಿಂಗ್, ಸೀಲ್ ಹಾಳಾಗುವುದು ಹೀಗೆಯೇ.

ಪ್ರಶ್ನೆ: ಮಸೆಯುವಾಗ ಬ್ಲೇಡಿನ ಅಂಚು ನೀಲಿಗಟ್ಟಿತು. ಕುಲುಮೆಯಲ್ಲಿ ಮತ್ತೆ ಹದ ಕೊಡಿಸಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ನೀಲಿ ಬಣ್ಣ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರ ಗುರುತು. ಅಲ್ಲಿ ಗಡಸುತನ ಇಳಿದು ಅಂಚು ಬೇಗ ಮೊಂಡಾಗುತ್ತದೆ. ನೀಲಿ ಒಂದೆರಡು ಮಿ.ಮೀ. ಮಾತ್ರವಿದ್ದರೆ ಅರದಿಂದಲೇ ಅಷ್ಟನ್ನು ತೆಗೆದು, ಇನ್ನೊಂದು ಬದಿಯಲ್ಲೂ ಅಷ್ಟೇ ತೆಗೆಯಿರಿ. ಹೆಚ್ಚಿದ್ದರೆ ಹೊಸ ಬ್ಲೇಡ್ ತನ್ನಿ. ಕತ್ತಿ, ಕುಡುಗೋಲಿಗೆ ಮಾಡುವಂತೆ ಕೆಂಪಗೆ ಕಾಯಿಸಿ ನೀರಿಗದ್ದಿದರೆ ಉಕ್ಕು ಗಾಜಿನಂತೆ ಪೆಡಸಾಗಬಹುದು. ಕೈಯಲ್ಲಿ ಹಿಡಿದ ಕತ್ತಿ ಮುರಿದರೆ ಕಾಲ ಬುಡದಲ್ಲಿ ಬೀಳುತ್ತದೆ. ತಿರುಗುವ ಬ್ಲೇಡಿನ ಚೂರು ಎಲ್ಲಿಗೆ ಹಾರುತ್ತದೆ ಎಂದು ಹೇಳಲಾಗದು.

ಪ್ರಶ್ನೆ: ಅಡಿಕೆ ತೋಟದ ವೀಡ್ ಕಟರ್‌ಗೆ ಮೂರು ಹಲ್ಲಿನ ಬ್ಲೇಡ್ ಇದೆ. ಮಸೆದಾಗಿನಿಂದ ಕೈ ಜುಮ್ಮೆನ್ನುವಷ್ಟು ನಡುಗುತ್ತಿದೆ. ಏನು ಕಾರಣ?
– ಓದುಗರು, ಪುತ್ತೂರು

ಉತ್ತರ: ಒಂದು ಹಲ್ಲು ಉಳಿದೆರಡಕ್ಕಿಂತ ಗಿಡ್ಡವಾಗಿರಬೇಕು. ನಡುವಿನ ತೂತಿನ ಅಂಚಿನಿಂದ ಪ್ರತಿ ಹಲ್ಲಿನ ತುದಿಗೂ ಸ್ಕೇಲ್ ಇಟ್ಟು ಅಳೆದು, ಉದ್ದದವನ್ನು ಗಿಡ್ಡದರ ಮಟ್ಟಕ್ಕೆ ತನ್ನಿ. ಇದಕ್ಕೆ ಗ್ರೈಂಡರ್‌ಗಿಂತ ಚಪ್ಪಟೆ ಅರ ವಾಸಿ: ಒಂದು ಹಲ್ಲಿಗೆ ಹತ್ತು ಎಳೆತವಾದರೆ ಉಳಿದವಕ್ಕೂ ಹತ್ತೇ. ಹಲ್ಲಿನ ಬುಡದ ದುಂಡನೆಯ ತಿರುವನ್ನು ಮೂಲೆಯಂತೆ ಚೂಪು ಮಾಡಬೇಡಿ, ಬಿರುಕು ಶುರುವಾಗುವುದು ಅಲ್ಲಿಂದಲೇ.

ಅಳತೆ ಸರಿಯಿದ್ದೂ ನಡುಗಿದರೆ ಕೂರಿಸಿದ ರೀತಿ ನೋಡಿ. ಬ್ಲೇಡಿನ ತೂತು ಅಡಾಪ್ಟರ್‌ನ (ಬ್ಲೇಡ್ ಕೂರುವ ಲೋಹದ ಬಿಲ್ಲೆಯ) ನಡುವಿನ ಎತ್ತರದ ಮೆಟ್ಟಿಲಿಗೆ ಪೂರ್ತಿ ಕೂತಿರಬೇಕು; ಹುಲ್ಲಿನ ಚೂರು ಸಿಕ್ಕಿದ್ದರೂ ಬ್ಲೇಡ್ ಓರೆಯಾಗುತ್ತದೆ. ಇಲ್ಲಿನ ನಟ್ ಸಾಮಾನ್ಯವಾಗಿ ಎಡ ಥ್ರೆಡ್‌ನದು, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಬಲ ಹಾಕಿ ಥ್ರೆಡ್ ಹಾಳುಮಾಡಿಕೊಂಡವರು ಬಹಳ ಮಂದಿ. ಬಿರುಕಿನ ಅನುಮಾನವಿದ್ದರೆ ಬ್ಲೇಡನ್ನು ದಾರಕ್ಕೆ ತೂಗುಹಾಕಿ ಸ್ಪಾನರ್‌ನಿಂದ ತಟ್ಟಿ. ಖಣಿಲೆನ್ನದೆ ಒಡಕು ದನಿ ಬಂದರೆ ಎಸೆಯಿರಿ. ವೆಲ್ಡಿಂಗ್ ಮಾಡಿಸಿ ಮತ್ತೆ ಹಾಕಲೇಬೇಡಿ.

ಪ್ರಶ್ನೆ: ಮನೆಯಲ್ಲಿ 1 ಮಿ.ಮೀ. ಕಟಿಂಗ್ ವೀಲ್ ಇದೆ, ಅಟ್ಟದಲ್ಲಿ ಹಳೆಯ ಗ್ರೈಂಡಿಂಗ್ ಡಿಸ್ಕ್‌ಗಳೂ ಇವೆ. ಬಳಸಬಹುದೇ?
– ಓದುಗರು, ಶಿರಸಿ

ಉತ್ತರ: ಕಟಿಂಗ್ ವೀಲ್‌ನ ಪಕ್ಕದಿಂದ ಮಸೆದರೆ ಅದು ಒಡೆದು ಚೂರಾಗಬಹುದು, ಹಾಗಾಗಿ ಬೇಡ. ಹಳೆಯ ಡಿಸ್ಕ್‌ಗಳ ನಡುವಿನ ಲೋಹದ ಬಳೆಯ ಮೇಲೆ ವಾಯಿದೆಯ ತಿಂಗಳು, ವರ್ಷ ಒತ್ತಿರುತ್ತದೆಯೇ ನೋಡಿ. ಅಂಟಿನಿಂದ ಕಟ್ಟಿದ ಡಿಸ್ಕ್ ಮಳೆಗಾಲದ ತೇವ ಹೀರಿ ದುರ್ಬಲವಾಗುತ್ತದೆ, ಹಾಗಾಗಿ ವಾಯಿದೆ ಮೀರಿದ್ದನ್ನು ಬಳಸಬೇಡಿ. ಡಿಸ್ಕ್ ಮೇಲಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ಮಿತಿ) ಗ್ರೈಂಡರಿನದಕ್ಕಿಂತ ಕಡಿಮೆ ಇರಬಾರದು. ಗಾರ್ಡ್ ಬಿಚ್ಚಿ ದೊಡ್ಡ ಡಿಸ್ಕ್ ಹಾಕುವುದಂತೂ ಸಲ್ಲದು. ಹೊಸ ಡಿಸ್ಕನ್ನೂ ಮೊದಲು ಒಂದು ನಿಮಿಷ, ಅದರ ನೇರಕ್ಕೆ ಯಾರೂ ನಿಲ್ಲದಂತೆ ಖಾಲಿ ಓಡಿಸಿ.

ಕನ್ನಡಕದ ಮೇಲೆ ಮುಖಕ್ಕೆ ಶೀಲ್ಡ್ ಇರಲಿ. ಲುಂಗಿ, ಹೆಗಲ ಟವೆಲ್ ಬೇಡ. ಕಿಡಿ ಹಾರುವ ಕಡೆ ಪೆಟ್ರೋಲ್ ಕ್ಯಾನ್, ಅಡಿಕೆ ಸಿಪ್ಪೆ, ದರಗು ಇರಬಾರದು. ಸಿಪ್ಪೆಯ ರಾಶಿಯೊಳಗೆ ಬಿದ್ದ ಕಿಡಿ ತಕ್ಷಣ ಹೊತ್ತಿಕೊಳ್ಳದೆ ಒಳಗೊಳಗೇ ಕನಲುತ್ತದೆ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಆ ಜಾಗದ ಮೇಲೆ ಕಣ್ಣಿಟ್ಟಿರಿ.