ಅಟ್ಟದ ಕಾಯಿ ಲೆಕ್ಕವನ್ನೂ ಬರೆಯಲಿ

ತಿಪಟೂರು ಕಡೆಯ ಹಳ್ಳಿಯಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಮಗಳು ಫಸ್ಟ್ ಪಿಯುಸಿ, ಸೈನ್ಸ್. ಡಿಗ್ರಿಗೆ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಬೇಕೆಂದು ಆಸೆ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಹೋಗಿ ಬಂದಿದ್ದಾರೆ. 'ಮಗಳ ಹೆಸರಲ್ಲಿ ಒಂದು ಎನ್‌ಜಿಒ ಶುರು ಮಾಡಿಸಿ, ಒಂದು ರಿಸರ್ಚ್ ಪೇಪರ್ ಹಾಕಿಸೋಣ, ಅರ್ಜಿಯಲ್ಲಿ ಅವಳು ತನ್ನ ಬಗ್ಗೆ ಬರೆಯಬೇಕಾದ ಪ್ರಬಂಧ ನಮಗೆ ಬಿಡಿ' ಎಂದರಂತೆ. ಎಲ್ಲಕ್ಕೂ ಸೇರಿ 2.5 ಲಕ್ಷ ರೂಪಾಯಿ. ಪತ್ರದ ಕೊನೆಯ ಸಾಲು ಹೀಗಿದೆ: 'ನನ್ನ ಮಗಳು ಅಂಥದ್ದೇನೂ ಮಾಡಿಲ್ಲ. ಅಟ್ಟದ ಕಾಯಿ ಲೆಕ್ಕ ಬರೀತಾಳೆ, ಅಜ್ಜಿಗೆ ಇನ್ಸುಲಿನ್ ಕೊಡ್ತಾಳೆ, ಅಷ್ಟೇ. ಸಾಲ ಮಾಡಿ ದುಡ್ಡು ಹೊಂದಿಸಲಾ?'

ಬೇಡ ತಾಯಿ. ಹೊಂದಿಸಬೇಡಿ.

ಆ 'ಅಷ್ಟೇ' ಎಂಬ ಮಾತು ಓದಿ ಮನಸ್ಸಿಗೆ ಕಷ್ಟವಾಯಿತು. ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ 'ಕಾಮನ್ ಆ್ಯಪ್' ಎಂಬ ಒಂದೇ ಅರ್ಜಿ ನಡೆಯುತ್ತದೆ. ಅದರಲ್ಲಿ ಪಾಠದ ಹೊರಗೆ ಏನು ಮಾಡಿದ್ದೀರಿ ಎಂದು ಬರೆಯಲು 10 ಜಾಗ ಇದೆ. ಒಂದೊಂದರ ವಿವರಕ್ಕೂ 150 ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ. ಯಾವ ಬಗೆಯ ಕೆಲಸ ಎಂದು ಆರಿಸುವ ಪಟ್ಟಿಯಲ್ಲಿ ಡಿಬೇಟ್, ಸಂಗೀತ, ಕ್ರೀಡೆ ಇರುವ ಹಾಗೇ 'ಮನೆಯ ಜವಾಬ್ದಾರಿ' ಅಂತಲೂ ಒಂದಿದೆ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಕೇಳುತ್ತಾರೆ. ನಿಮ್ಮ ಮಗಳು ದಿನಾ ಸೂಜಿ ಚುಚ್ಚುತ್ತಾಳೆ. ವರ್ಷಕ್ಕೆ 52 ವಾರ ಎಂದು ಎದೆ ತಟ್ಟಿ ಬರೆಯಬಹುದು. ಎಷ್ಟು ಮಕ್ಕಳಿಗೆ ಅದು ಸಾಧ್ಯ ಹೇಳಿ!

2016ರಲ್ಲಿ ಹಾರ್ವರ್ಡ್‌ನ ಶಿಕ್ಷಣ ವಿಭಾಗದಿಂದ ಒಂದು ವರದಿ ಬಂತು. ಹಲವು ಕಾಲೇಜುಗಳಲ್ಲಿ ಅಡ್ಮಿಷನ್ ನೋಡುವವರು ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಚಟುವಟಿಕೆಗಳ ಸಂಖ್ಯೆ ಬೆಳೆಸುವುದು ಬೇಡ, ಮನೆಯವರನ್ನು ನೋಡಿಕೊಳ್ಳುವ, ದುಡಿದು ಮನೆಗೆ ಕೊಡುವ ಮಕ್ಕಳ ಕೆಲಸಕ್ಕೂ ಬೆಲೆ ಕೊಡಬೇಕು ಎಂಬುದು ಅದರ ಮುಖ್ಯ ಮಾತು. ದೂರದ ಊರಿನವರು ಅದನ್ನು ಗುರುತಿಸುತ್ತಾರೆ. ಹೆತ್ತ ನೀವೇ 'ಅಷ್ಟೇ' ಎಂದುಬಿಟ್ಟರೆ ಹೇಗಮ್ಮ?

ಕನ್ಸಲ್ಟೆನ್ಸಿಯವರೆಲ್ಲ ಮೋಸಗಾರರಲ್ಲ. ಯಾವ ಕಾಲೇಜಿಗೆ ಯಾವ ತಾರೀಕು, ಹಣದ ನೆರವಿಗೆ ತುಂಬುವ ಸಿಎಸ್‌ಎಸ್ ಪ್ರೊಫೈಲ್‌ನಲ್ಲಿ ಜಮೀನಿನ ವರಮಾನ ಹೇಗೆ ತೋರಿಸಬೇಕು, ಇಂಥದ್ದು ಅವರಿಗೆ ಗೊತ್ತಿರುತ್ತದೆ. ಅಷ್ಟಕ್ಕೆ ಫೀಸು ಕೊಡುವುದಾದರೆ ಕೊಡಿ. ಆದರೆ ಮಗಳ ಮಾತನ್ನು ಬೇರೆಯವರ ಕೈಗೆ ಕೊಡಬೇಡಿ. ಇಲ್ಲದ್ದನ್ನು ಇದೆ ಎಂದು ತೋರಿಸುವ ದಾರಿ ಎಲ್ಲಿಗೆ ಹೋಗುತ್ತದೆ ಎಂದು 2019ರಲ್ಲಿ ಅಮೆರಿಕವೇ ನೋಡಿತು. ರಿಕ್ ಸಿಂಗರ್ ಎಂಬ ಸಲಹೆಗಾರ ಶ್ರೀಮಂತರ ಮಕ್ಕಳನ್ನು ಆಡದ ಆಟದ ಆಟಗಾರರೆಂದು ತೋರಿಸಿ, ಕೋಚ್‌ಗಳಿಗೆ ಲಂಚ ಕೊಟ್ಟು ಸೀಟು ಕೊಡಿಸುತ್ತಿದ್ದ. ಬೇರೆಯವರ ಫೋಟೋಗೆ ಮಕ್ಕಳ ಮುಖ ಅಂಟಿಸಿದ್ದೂ ಉಂಟು. ಅಪ್ಪ ಅಮ್ಮಂದಿರು ಜೈಲಿಗೆ ಹೋದರು. 2023ರಲ್ಲಿ ಅವನಿಗೂ ಮೂರೂವರೆ ವರ್ಷ ಶಿಕ್ಷೆಯಾಯಿತು.

ಪ್ರಬಂಧದ ಮಾತಿಗೆ ಬರುತ್ತೇನೆ. 250ರಿಂದ 650 ಪದ. ಮಗಳು ಯಾರು ಎಂದು ತಿಳಿಯಲು ಕಾಲೇಜಿನವರಿಗಿರುವ ದೊಡ್ಡ ಕಿಟಕಿ ಅದು. ನಿಮ್ಮ ಅಟ್ಟವನ್ನೇ ನೋಡಿ. ತುರುವೇಕೆರೆಯ ನನ್ನ ಸೋದರಮಾವನ ಮನೆಯಲ್ಲೂ ಅಂಥದ್ದೇ ಅಟ್ಟ ಇತ್ತು. ಉಂಡೆ ಕೊಬ್ಬರಿಗೆಂದು ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರುತ್ತಿತ್ತು. ಒಳಗಿನ ನೀರು ತಾನಾಗಿ ಇಂಗಬೇಕು. ಅತ್ತೆ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಣಗಿದ ಕೊಬ್ಬರಿ ಒಳಗೆ ಲೊಟಲೊಟ ಎಂದರೆ ಈ ಕಡೆ, ಸದ್ದು ಬಾರದಿದ್ದರೆ ಮತ್ತೆ ಅಟ್ಟಕ್ಕೆ. ಎಪಿಎಂಸಿಯಲ್ಲಿ ಇವತ್ತಿನ ರೇಟಿಗೇ ಮಾರಬೇಕಾ, ಇನ್ನೂ ಒಂದು ತಿಂಗಳು ತಡೆಯಬೇಕಾ ಎಂದು ರಾತ್ರಿ ಊಟದ ಹೊತ್ತಿಗೆ ದೊಡ್ಡ ಚರ್ಚೆಯೇ ನಡೆಯುತ್ತಿತ್ತು. ನಿಮ್ಮ ಮಗಳು ಆ ಲೆಕ್ಕ ಬರೆಯುವವಳು. ಯಾವ ವರ್ಷ ಅವಳ ಮಾತು ಕೇಳಿದಿರಿ, ಯಾವ ವರ್ಷ ಅವಳ ಲೆಕ್ಕ ತಪ್ಪಿತು? ಆ ಕಥೆಯನ್ನು ಬೆಂಗಳೂರಿನ ಆಫೀಸಿನಲ್ಲಿ ಕುಳಿತವರು ಬರೆಯಲು ಆಗುತ್ತದಾ?

ನನ್ನ ನಿಜವಾದ ಸಂಕಟ ಬೇರೆ ಇದೆ. ನಮ್ಮ ಮಕ್ಕಳಿಗೆ ಸ್ವಂತದ್ದು ಬರೆಯಲು ನಾವು ಕಲಿಸಿಯೇ ಇಲ್ಲ. ಹೋದ ವರ್ಷ ನಮ್ಮ ಮಕ್ಕಳ ಪುಟಕ್ಕೆ 'ನನ್ನ ಅಜ್ಜಿ' ಎಂಬ ವಿಷಯ ಕೊಟ್ಟಿದ್ದೆವು. ಬಂದ ಬರಹಗಳಲ್ಲಿ ಹೆಚ್ಚಿನವುಗಳ ಅಜ್ಜಿ ಬೆಳದಿಂಗಳಲ್ಲಿ ಕೈತುತ್ತು ಕೊಟ್ಟು ಕಥೆ ಹೇಳುತ್ತಾಳೆ. ಗೈಡಿನ ಅಜ್ಜಿ ಅವಳು. ಒಬ್ಬ ಹುಡುಗ ಮಾತ್ರ, ತನ್ನಜ್ಜಿ ಹೊಗೆಸೊಪ್ಪಿನ ಪೊಟ್ಟಣವನ್ನು ದೇವರ ಫೋಟೋ ಹಿಂದೆ ಬಚ್ಚಿಡುತ್ತಾಳೆ, ಅದನ್ನು ತಂದುಕೊಡುವ ಕೆಲಸ ತನ್ನದು ಎಂದು ಬರೆದಿದ್ದ. ಮೊದಲ ಬಹುಮಾನ ಅವನಿಗೇ ಕೊಟ್ಟೆವು. ಅವನ ಮೇಷ್ಟ್ರು ಫೋನ್ ಮಾಡಿ 'ಇಂಥದ್ದೆಲ್ಲ ಯಾಕೆ ಹಾಕಿದಿರಿ ಸಾರ್' ಎಂದು ಬೇಜಾರು ಮಾಡಿಕೊಂಡರು.

ಪಿಯು ಕಾಲೇಜುಗಳದ್ದು ಇನ್ನೂ ಕಷ್ಟ. ಎಷ್ಟೋ ಕಡೆ ಬೆಳಗಿನಿಂದ ರಾತ್ರಿವರೆಗೂ ಜೆಇಇ, ನೀಟ್, ಸಿಇಟಿ. ಲೈಬ್ರರಿಗೆ ಬೀಗ. ಆಟದ ಪೀರಿಯಡ್‌ಗೂ ಟೆಸ್ಟು. ಅಮೆರಿಕದವರು 9ನೇ ಕ್ಲಾಸಿನಿಂದ ನಾಲ್ಕೂ ವರ್ಷದ ಅಂಕ ನೋಡುತ್ತಾರೆ, ಅದರ ಜೊತೆ ಪಾಠ ಮಾಡಿದವರ ಪತ್ರ ಕೇಳುತ್ತಾರೆ. ನೂರಿಪ್ಪತ್ತು ಮಕ್ಕಳ ಸೆಕ್ಷನ್‌ನಲ್ಲಿ ಮಗುವಿನ ಹೆಸರೇ ಗೊತ್ತಿಲ್ಲದ ಮೇಷ್ಟ್ರು ಏನು ಬರೆದಾರು? 'ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ' ಎನ್ನುತ್ತಾರೆ. ನಿಮ್ಮ ಮಗಳು ಈಗಿನಿಂದಲೇ ಇಬ್ಬರು ಮೇಷ್ಟ್ರ ಹತ್ತಿರ ಹೋಗಿ ಡೌಟು ಕೇಳಲಿ, ಜಗಳ ಆಡುವಷ್ಟು ಕೇಳಲಿ. ಪತ್ರ ಬರೆಯುವ ಹೊತ್ತಿಗೆ ಅವರಿಗೆ ಹೇಳಲು ಏನಾದರೂ ಇರುತ್ತದೆ.

ಹಣದ ವಿಷಯ ನೀವು ಕೇಳಿಲ್ಲ, ಆದರೆ ಮೊದಲು ಕೇಳಬೇಕಾದದ್ದೇ ಅದು. ವಿದೇಶದ ಮಕ್ಕಳ ಅರ್ಜಿಯನ್ನೂ ಮನೆಯ ಹಣ ನೋಡದೆ ಆರಿಸಿ, ಬೇಕಾದಷ್ಟು ನೆರವು ಕೊಡುವ ಕಾಲೇಜುಗಳು ಬೆರಳೆಣಿಕೆಯಷ್ಟು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಹೀಗೆ ಕೆಲವು. ಹಾರ್ವರ್ಡ್‌ಗೆ ಅರ್ಜಿ ಹಾಕಿದ ನೂರರಲ್ಲಿ ಸೀಟು ಸಿಗುವುದು ಹೆಚ್ಚುಕಡಿಮೆ ನಾಲ್ಕು ಜನಕ್ಕೆ. ಅದಕ್ಕೇ ಸಿಇಟಿ ಓದೂ ನಡೆಯುತ್ತಿರಲಿ.

ಆಗಸ್ಟ್ 1ಕ್ಕೆ ಹೊಸ ಅರ್ಜಿ ತೆರೆಯುತ್ತದೆ. ಬೇಗ ಹಾಕುವವರಿಗೆ ನವೆಂಬರ್ 1ರ ಹೊತ್ತಿಗೆ ಗಡುವು, ಉಳಿದವರಿಗೆ ಬಹುತೇಕ ಜನವರಿ ಮೊದಲ ವಾರ. ಅಷ್ಟರಲ್ಲಿ ಒಂದು ಕೆಲಸ ಮಾಡಿಸಿ. ಆ ಕಾಯಿ ಲೆಕ್ಕದ ಕಥೆಯನ್ನು ಅವಳು ಮೊದಲು ಅಜ್ಜಿಗೆ ಬಾಯಲ್ಲಿ ಹೇಳಲಿ, ನಮ್ಮ ಕನ್ನಡದಲ್ಲೇ. ಎಲ್ಲಿ ಅಜ್ಜಿ 'ಹಂಗಲ್ಲ ಕಣೇ' ಎಂದು ತಡೆಯುತ್ತಾರೋ ಅಲ್ಲಿ ಸರಿಮಾಡಿಕೊಳ್ಳಲಿ. ಆಮೇಲೆ ಇಂಗ್ಲಿಷಿಗೆ ಕೂರಲಿ. ಕನ್ನಡದ್ದನ್ನು ಬರೆದು ನಮಗೂ ಕಳಿಸಲಿ. ಮಕ್ಕಳ ಪುಟದಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ