ಎಂಎಎಚ್ ಮತ್ತು ಕೂಲಂಬ್

ಪ್ರಶ್ನೆ: ಮೊಬೈಲ್ ಬ್ಯಾಟರಿ ಮೇಲೆ 5000 ಎಂಎಎಚ್ ಅಂತ ಇರುತ್ತದೆ, ಪಠ್ಯಪುಸ್ತಕದಲ್ಲಿ ಕೂಲಂಬ್ ಇರುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವುದು ಹೇಗೆ?

ಉತ್ತರ: ಎಂಎಎಚ್ ಅಂದರೆ ಮಿಲಿಆಂಪಿಯರ್-ಅವರ್; ಅದೂ ಕೂಲಂಬ್ ಎರಡೂ ವಿದ್ಯುದಾವೇಶದ ಅಳತೆಗಳೇ. ಸೂತ್ರವನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಅದು ಎಲ್ಲಿಂದ ಬಂತು ಅಂತ ನೋಡಿ. ಒಂದು ಆಂಪಿಯರ್ ಕರೆಂಟ್ ಒಂದು ಸೆಕೆಂಡ್ ಹರಿದರೆ ಸಾಗುವ ಆವೇಶ ಒಂದು ಕೂಲಂಬ್. ಅದೇ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್. ಗಂಟೆಗೆ 3600 ಸೆಕೆಂಡ್ ಅಲ್ವಾ, ಹಾಗಾಗಿ ಅದು 3600 ಕೂಲಂಬ್. ಮಿಲಿ ಅಂದರೆ ಸಾವಿರದಲ್ಲೊಂದು ಭಾಗ, ಆದ್ದರಿಂದ 1 ಎಂಎಎಚ್‌ಗೆ 3.6 ಕೂಲಂಬ್. ನಿಮ್ಮ 5000 ಎಂಎಎಚ್ ಅಂದರೆ 18,000 ಕೂಲಂಬ್. ಕೂಲಂಬ್‌ನಿಂದ ವಾಪಸ್ ಬರಲು 3.6ರಿಂದ ಭಾಗಿಸಿ, ಅಷ್ಟೇ.

ಒಂದು ಕೂಲಂಬ್‌ನಲ್ಲಿ ಎಷ್ಟು ಎಲೆಕ್ಟ್ರಾನ್‌ಗಳ ಆವೇಶವಿದೆ ಗೊತ್ತೇ? ಸುಮಾರು 6.24 × 10¹⁸! 2019ರಿಂದ ಎಲೆಕ್ಟ್ರಾನ್‌ನ ಆವೇಶದ ಪ್ರಮಾಣವನ್ನು 1.602176634 × 10⁻¹⁹ ಕೂಲಂಬ್ ಎಂದೇ ನಿಗದಿ ಮಾಡಿದ್ದಾರೆ, ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ಒಂದು ಎಚ್ಚರ ಮಾತ್ರ ಇರಲಿ. ಎಂಎಎಚ್ ಜಾಸ್ತಿ ಇದ್ದ ಮಾತ್ರಕ್ಕೆ ಶಕ್ತಿಯೂ ಜಾಸ್ತಿ ಅಂತ ಹೇಳಲಾಗದು, ಏಕೆಂದರೆ ಶಕ್ತಿ ಬೇಕಾದರೆ ವೋಲ್ಟೇಜ್‌ನಿಂದಲೂ ಗುಣಿಸಬೇಕು: 5 ಆಂಪಿಯರ್-ಅವರ್ ಬ್ಯಾಟರಿ 3.7 ವೋಲ್ಟ್‌ನದ್ದಾದರೆ 18.5 ವ್ಯಾಟ್-ಅವರ್, 12 ವೋಲ್ಟ್‌ನದ್ದಾದರೆ 60.